ಜೇನೋ ಜೋನಿಯೋ?

ನಾನು ಕಾಲೇಜಿನಲ್ಲಿದ್ದಾಗಿನ ಮಾತು. ಬಳ್ಳಾರಿ ಕಡೆಯ ಗೆಳೆಯನೊಬ್ಬ ರಜೆಗೆಂದು ಶಿರಸಿ ಹತ್ತಿರದ ನಮ್ಮ ಹಳ್ಳಿಗೆ ಬಂದಿದ್ದ. ಬೆಳಗ್ಗೆ ತಿಂಡಿಗೆ ಕೂತೆವು. ಅಜ್ಜಿ ಬಾಳೆಲೆಯ ಮೇಲೆ ತೆಳುದೋಸೆಯಂಥ ಬಿಸಿ ತೆಳ್ಳೇವು ಹಾಕಿ, ಅದರ ಮೇಲೆ ಹೊಂಬಣ್ಣದ ಮಂದವಾದ ಪಾಕವೊಂದನ್ನು ಸೌಟಿನಲ್ಲಿ ಧಾರಾಳವಾಗಿ ಸುರಿದು, ಪಕ್ಕದಲ್ಲಿ ತುಪ್ಪ ಬಡಿಸಿದಳು. ಗೆಳೆಯ ಕಣ್ಣರಳಿಸಿದ.

“ಇಷ್ಟೊಂದು ಜೇನುತುಪ್ಪ ಎಲ್ಲಿಂದ ತರ್ತೀರಿ ಅಜ್ಜಿ?”

“ಜೇನಲ್ಲ ತಮ್ಮಾ, ಇದು ಜೋನಿ. ಆಲೆಮನೇದು.”

ಜೋನಿಬೆಲ್ಲ ಮಲೆನಾಡಿನವರಿಗೆ ದಿನನಿತ್ಯದ್ದು. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಅಚ್ಚಿಗೆ ಹುಯ್ಯುವಷ್ಟು ಗಟ್ಟಿಯಾಗುವ ಮೊದಲೇ ಇಳಿಸಿದರೆ ಅದು ಜೋನಿ. ಡಬ್ಬಿಯಲ್ಲಿ ತುಂಬಿಟ್ಟು ವರ್ಷವಿಡೀ ತಿನ್ನುತ್ತೇವೆ. ಬಯಲುಸೀಮೆಯ ನನ್ನ ಗೆಳೆಯನಿಗೆ ಆ ಪದಾರ್ಥವೂ ಹೊಸದು, ಹೆಸರೂ ಹೊಸದು. ಜೇನಿಗೂ ಜೋನಿಗೂ ಇರುವುದು ಒಂದೆರಡು ಸ್ವರಗಳ ವ್ಯತ್ಯಾಸ ಎಂದು ಹೇಳಿ ಆವತ್ತು ಎಲ್ಲರೂ ನಕ್ಕೆವು. ಅಂದಹಾಗೆ, ಅಜ್ಜಿ ತಾನು ಮಾತ್ರ ಜೇನುತುಪ್ಪವನ್ನು ಮುಟ್ಟುತ್ತಿರಲಿಲ್ಲ. ಆ ಕತೆ ಕೊನೆಗಿರಲಿ.

ಜೇನಿಗೂ ಜೋನಿಗೂ ಒಂದೇ ಮಾತು ಇರುವ ಭಾಷೆಯೊಂದಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದು ಬೈಬಲಿನ ಹೀಬ್ರೂ. ಆ ಮಾತು ‘ದೆವಾಶ್’. ಇವತ್ತಿನ ನನ್ನ ಹರಟೆ ಈ ಮೂರಕ್ಷರದ ಸಿಹಿಯನ್ನು ಕುರಿತದ್ದು.

‘ಹಾಲೂ ಜೇನೂ ಹರಿಯುವ ದೇಶ’ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಚರ್ಚಿನ ಮೆಟ್ಟಿಲು ಹತ್ತದವರೂ ಬಲ್ಲ ಮಾತು ಅದು. ಐಗುಪ್ತದಲ್ಲಿ ಗುಲಾಮರಾಗಿದ್ದ ಇಸ್ರಾಯೇಲರನ್ನು ಬಿಡಿಸಿ ಅಂಥದೊಂದು ದೇಶಕ್ಕೆ ಕರೆದೊಯ್ಯುವುದಾಗಿ, ಉರಿಯುವ ಪೊದೆಯ ನಡುವಿನಿಂದ ದೇವರು ಮೋಶೆಗೆ ಹೇಳುತ್ತಾನೆ. ವಿಮೋಚನಕಾಂಡದ ಮೂರನೆಯ ಅಧ್ಯಾಯದಲ್ಲಿ ಮೊದಲು ಬರುವ ಈ ವರ್ಣನೆ ಹಳೆಯ ಒಡಂಬಡಿಕೆಯಲ್ಲಿ ಸುಮಾರು 20 ಸಲ ಮರಳುತ್ತದೆ. ಅಲ್ಲಿ ಜೇನು ಎಂದು ನಾವು ಓದುವ ಕಡೆಯಲ್ಲೆಲ್ಲ ಮೂಲದಲ್ಲಿರುವುದು ದೆವಾಶ್.

ನಮ್ಮ ಕಿವಿಗೆ ‘ಹಾಲುಜೇನು’ ಎಂದ ಕೂಡಲೇ ಮದುವೆಮನೆಯ ಹರಕೆ ನೆನಪಾಗುತ್ತದೆ. ಹಾಲುಜೇನಿನ ಹಾಗೆ ಬಾಳಿ ಎಂದು ಹಿರಿಯರು ಅಕ್ಷತೆ ಹಾಕುತ್ತಾರೆ. 1982ರಲ್ಲಿ ಬಂದ ರಾಜಕುಮಾರ್ ಚಿತ್ರವೊಂದರ ಹೆಸರೂ ಅದೇ. ಕನ್ನಡದಲ್ಲಿ ಅದು ಇಬ್ಬರು ಬೆರೆಯುವ ಮಾತು. ಹೀಬ್ರೂವಿನಲ್ಲಾದರೋ ಅದು ನೆಲದ ಮಾತು. ಅಲ್ಲಿರುವ ಕ್ರಿಯಾಪದಕ್ಕೂ ಹೊಳೆ ಹರಿದ ಹಾಗೆ ಹರಿಯುವುದು ಎಂಬುದಕ್ಕಿಂತ ಒಸರುವುದು, ಒಳಗಿನಿಂದ ಸೋರಿ ಬರುವುದು ಎಂಬ ಅರ್ಥ ಹೆಚ್ಚು ಹತ್ತಿರ. ಹಾಲು ಒಸರುವುದು ಕೆಚ್ಚಲಿನಿಂದ. ದೆವಾಶ್ ಒಸರುವುದು ಎಲ್ಲಿಂದ?

ಜೇನುಗೂಡಿನಿಂದ ಎಂದು ಕನ್ನಡಿಗ ಥಟ್ಟನೆ ಹೇಳಿಯಾನು. ಯಾಕೆಂದರೆ ನಮ್ಮ ಮಾತಿನಲ್ಲೇ ಹುಳು ಕೂತಿದೆ. ‘ಜೇನು ಕಚ್ಚಿತು’ ಎಂದರೂ ಜೇನು, ‘ಜೇನು ನೆಕ್ಕಿದೆ’ ಎಂದರೂ ಜೇನು. ಹೆಜ್ಜೇನು, ತುಡುವೆ ಜೇನು, ಕೋಲುಜೇನು ಎಂದು ಹುಳುವಿನ ಜಾತಿ ಹಿಡಿದೇ ನಾವು ತುಪ್ಪದ ರುಚಿಯನ್ನೂ ವಿಂಗಡಿಸುತ್ತೇವೆ. ಹೀಬ್ರೂವಿನಲ್ಲಿ ಹಾಗಿಲ್ಲ. ಹುಳುವಿಗೆ ‘ದೆವೋರಾ’ ಎಂದು ಬೇರೆಯದೇ ಹೆಸರು. ನ್ಯಾಯಸ್ಥಾಪಕರ ಕಾಲದ ದಿಟ್ಟ ಹೆಂಗಸು ದೆಬೋರಳ ಹೆಸರಿನ ಅರ್ಥ ಜೇನುನೊಣ ಎಂದೇ. ಕೇಳುವುದಕ್ಕೆ ಹತ್ತಿರ ಅನ್ನಿಸಿದರೂ ದೆವೋರಾ, ದೆವಾಶ್ ಎರಡರ ಧಾತುವೂ ಬೇರೆ ಬೇರೆ. ದೆವಾಶ್ ಎನ್ನುವ ಮಾತಿನೊಳಗೆ ಯಾವ ಹುಳುವೂ ಗುಂಯ್‌ಗುಡುವುದಿಲ್ಲ. ಅದು ಹೇಳುವುದು ಸಿಹಿಯನ್ನು, ಮಂದವನ್ನು, ಬೆರಳಿಗೆ ಅಂಟುವ ಜಿಗುಟನ್ನು.

ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯದಲ್ಲಿ ಆ ದೇಶದ ಬೆಳೆಗಳ ಪಟ್ಟಿಯೊಂದಿದೆ. ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಎಣ್ಣೆ ಕೊಡುವ ಆಲಿವ್, ಏಳನೆಯದಾಗಿ ದೆವಾಶ್. ಯಹೂದಿ ಪರಂಪರೆ ಇವನ್ನು ‘ಏಳು ಬಗೆ’ ಎಂದು ಕರೆಯುತ್ತದೆ. ಮೊದಲ ಆರೂ ನೆಲದಲ್ಲಿ ಬೇರು ಬಿಟ್ಟವು. ಏಳನೆಯದು ಮಾತ್ರ ರೆಕ್ಕೆ ಬಡಿದುಕೊಂಡು ಹಾರುವುದುಂಟೇ? ಯಹೂದಿ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮೂದಿನ ಪಂಡಿತರು ಇಲ್ಲ ಎಂದರು. ಈ ದೆವಾಶ್ ಖರ್ಜೂರ, ಖರ್ಜೂರದ ಹಣ್ಣಿನಿಂದ ತೆಗೆದ ಪಾಕ ಎಂದು ಅರ್ಥ ಹೇಳಿದರು.

ಇದಕ್ಕೆ ಒತ್ತಾಸೆಯಾಗುವ ಸಂಗತಿಗಳೂ ಇವೆ. ಖರ್ಜೂರದ ಮರದ ಹೆಸರು ಬೈಬಲಿನಲ್ಲಿ ಮತ್ತೆಮತ್ತೆ ಬರುತ್ತದೆ. ಯೆರಿಕೋ ಊರಿಗೆ ಖರ್ಜೂರಗಳ ಪಟ್ಟಣವೆಂದೇ ಹೆಸರು. ಆದರೆ ಆ ಮರದ ಹಣ್ಣನ್ನು ಜನ ತಿಂದರು ಎನ್ನುವ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಊರ ತುಂಬ ಖರ್ಜೂರ, ಬಾಯಲ್ಲಿ ಮಾತ್ರ ಖರ್ಜೂರವಿಲ್ಲ! ದೆವಾಶ್ ಎಂಬ ಮಾತಿನ ಕೆಳಗೆ ಆ ಹಣ್ಣು ಅಡಗಿ ಕೂತಿದೆ ಎಂದುಕೊಂಡರೆ ಒಗಟು ಬಿಡಿಸಿದಂತಾಗುತ್ತದೆ. ಅಷ್ಟೇ ಅಲ್ಲ, ಹೀಬ್ರೂವಿನ ಸೋದರಭಾಷೆಯಾದ ಅರಬ್ಬಿಯಲ್ಲಿ ‘ದಿಬ್ಸ್’ ಎಂದರೆ ಖರ್ಜೂರದ ಅಥವಾ ದ್ರಾಕ್ಷಿಯ ಪಾಕ. ಜೇನುತುಪ್ಪಕ್ಕೆ ಅಲ್ಲಿ ‘ಅಸಲ್’ ಎಂಬ ಬೇರೆ ಮಾತಿದೆ. ಮತ್ತೊಂದು ಸೋದರಿಯಾದ ಪ್ರಾಚೀನ ಅಕ್ಕೇಡಿಯನ್ ಭಾಷೆಯಲ್ಲಿ ಅಕ್ಷರಗಳು ಸ್ಥಾನಪಲ್ಲಟವಾಗಿ ‘ದಿಶ್ಪು’ ಎಂದಾಗಿದೆ. ಅದರ ಅರ್ಥ ಜೇನು. ಒಂದೇ ತಾಯಿಯ ಮಕ್ಕಳು, ಒಬ್ಬೊಬ್ಬರ ಪಾಲಿಗೆ ಒಂದೊಂದು ಪಾತ್ರೆ.

ಖರ್ಜೂರದ ಪಾಕ ಎಂದಾಗ ನಮ್ಮ ಈಚಲನ್ನು ನೆನೆಯುವವರು ಸ್ವಲ್ಪ ತಡೆಯಬೇಕು. ನಾವು ಈಚಲಿನಿಂದ ಇಳಿಸುವುದು ಮರದ ರಸವನ್ನು. ಅವರದು ಹಣ್ಣಿನ ಪಾಕ. ಕಳಿತ ಹಣ್ಣನ್ನು ನೀರಿನಲ್ಲಿ ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಬಂದ ರಸವನ್ನು ಸಣ್ಣ ಉರಿಯಲ್ಲಿ ಮಂದಗೊಳಿಸುತ್ತಾರೆ. ಇರಾಕಿನ ಯಹೂದಿಗಳು ಇದನ್ನು ‘ಸಿಲಾನ್’ ಎಂದು ಕರೆದು, ಪಸ್ಕ ಹಬ್ಬದ ಊಟಕ್ಕೆ ಅಕ್ರೋಟಿನ ಜೊತೆ ಬೆರೆಸಿ ಬಡಿಸುತ್ತ ಬಂದಿದ್ದಾರೆ. ಬಣ್ಣ ನೋಡಿದರೆ ನಮ್ಮ ಜೋನಿಬೆಲ್ಲದ ಖಾಸಾ ಅಣ್ಣ.

ಇಲ್ಲಿಗೆ, ಬೈಬಲಿನ ಜೇನು ಜೇನೇ ಅಲ್ಲ, ಖರ್ಜೂರದ ಜೋನಿ ಎಂದು ತೀರ್ಪು ಕೊಟ್ಟು ಎದ್ದುಬಿಡಬಹುದು. ತುಂಬ ಜನ ಹಾಗೆ ಎದ್ದದ್ದೂ ಉಂಟು. ಆದರೆ ಬಾಗಿಲಲ್ಲಿ ಸಂಸೋನ ನಿಂತಿದ್ದಾನೆ.

ಸಂಸೋನ ಬರಿಗೈಯಲ್ಲಿ ಸಿಂಹವನ್ನು ಸೀಳಿದವನು. ಕೆಲವು ದಿನ ಕಳೆದು ಅದೇ ದಾರಿಯಲ್ಲಿ ಬಂದಾಗ ಸತ್ತ ಸಿಂಹದ ಒಡಲಲ್ಲಿ ಜೇನು ಗೂಡು ಕಟ್ಟಿರುತ್ತದೆ. ಅವನು ತುಪ್ಪವನ್ನು ಕೈಯಲ್ಲಿ ಬಾಚಿಕೊಂಡು ತಿನ್ನುತ್ತ ನಡೆಯುತ್ತಾನೆ, ಅಪ್ಪ ಅಮ್ಮನಿಗೂ ಕೊಡುತ್ತಾನೆ, ಎಲ್ಲಿಂದ ತಂದೆನೆಂದು ಮಾತ್ರ ಬಾಯಿ ಬಿಡುವುದಿಲ್ಲ. ಆಮೇಲೆ ಅದನ್ನೇ ಒಗಟು ಮಾಡಿ ಮದುವೆಯ ಊಟದಲ್ಲಿ ಪಂಥ ಕಟ್ಟುತ್ತಾನೆ. ಇಲ್ಲಿ ಹುಳುವೂ ಇದೆ, ದೆವಾಶೂ ಇದೆ. ಖರ್ಜೂರಕ್ಕೆ ಜಾಗವೇ ಇಲ್ಲ. ಗಮನಿಸಬೇಕಾದ್ದು ಇಷ್ಟು: ಹೀಬ್ರೂ ಬೈಬಲಿನಲ್ಲಿ ಜೇನುಹುಳುವೂ ಅದರ ತುಪ್ಪವೂ ಜೊತೆಯಾಗಿ ಕಾಣಿಸಿಕೊಳ್ಳುವುದು ಈ ಒಂದು ಕಡೆ ಮಾತ್ರ. ಉಳಿದ ಕಡೆ ಹುಳು ಬರುವುದು ಬೆನ್ನಟ್ಟಿ ಬರುವ ಶತ್ರುಸೈನ್ಯಕ್ಕೆ ಹೋಲಿಕೆಯಾಗಿ.

ಸೌಲ ರಾಜನ ಮಗ ಯೋನಾತಾನನದು ಇನ್ನೊಂದು ಕತೆ. ಸಂಜೆಯವರೆಗೆ ಯಾರೂ ಏನನ್ನೂ ತಿನ್ನಕೂಡದೆಂದು ಯುದ್ಧದ ದಿನ ಸೌಲ ತನ್ನ ಜನಕ್ಕೆ ಆಣೆ ಹಾಕಿರುತ್ತಾನೆ. ಮಗನಿಗೆ ಅದು ಗೊತ್ತಿಲ್ಲ. ಕಾಡಿನಲ್ಲಿ ದೆವಾಶ್ ಕಂಡು, ಕೈಯಲ್ಲಿದ್ದ ಕೋಲಿನ ತುದಿಯನ್ನು ಅದರಲ್ಲಿ ಅದ್ದಿ ಬಾಯಿಗಿಡುತ್ತಾನೆ. ದಣಿದ ಕಣ್ಣು ಕಳೆಗೊಳ್ಳುತ್ತದೆ. ಆ ಒಂದು ತೊಟ್ಟು ಸಿಹಿಗಾಗಿ ಅವನ ತಲೆ ಹೋಗುವುದರಲ್ಲಿತ್ತು, ಜನ ಅಡ್ಡ ನಿಂತು ಉಳಿಸಿದರು. ಕಾಡಿನಲ್ಲಿ ಖರ್ಜೂರದ ಪಾಕ ಕಾಯಿಸಿಟ್ಟವರು ಯಾರು? ಅದು ಕಾಡುಜೇನೇ ಸರಿ. ಅಲ್ಲಿ ಜೇನುಹುಟ್ಟಿಗೆ ಬೇರೆ ಮಾತನ್ನೂ ಬಳಸಿದ್ದಾರೆ. ಹಾಗೆಯೇ ಕೀರ್ತನೆಗಳಲ್ಲಿ, ಜ್ಞಾನೋಕ್ತಿಗಳಲ್ಲಿ, ಪರಮಗೀತದಲ್ಲಿ ಹುಟ್ಟಿನಿಂದ ತಾನಾಗಿ ತೊಟ್ಟಿಕ್ಕುವ ತುಪ್ಪಕ್ಕೆ ‘ನೋಫೆತ್’ ಎಂಬ ಇನ್ನೊಂದು ಹೆಸರಿದೆ. ಹುಳುವಿನ ತುಪ್ಪವೆಂದು ಖಚಿತವಾಗಿ ಹೇಳಬೇಕಾದಾಗ ಹೇಳುವ ದಾರಿ ಅವರಿಗೆ ಗೊತ್ತಿತ್ತು. ಬೇಡವಾದಾಗ ದೆವಾಶ್ ಎಂದಷ್ಟೇ ಹೇಳಿ ಬಿಟ್ಟರು.

ಬೈಬಲಿನಲ್ಲಿ ಜೇನು ಸಾಕಣೆಯ ಮಾತೇ ಇಲ್ಲ. ಹಾಗಾಗಿ, ಆ ಕಾಲದ ಇಸ್ರಾಯೇಲರಿಗೆ ಕಾಡುಜೇನು ಮಾತ್ರ ಗೊತ್ತಿತ್ತು, ಉಳಿದದ್ದೆಲ್ಲ ಹಣ್ಣಿನ ಪಾಕ ಎಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲ್ಲಾಡಿಸಿದ್ದು ಹಾರೆ ಗುದ್ದಲಿ. ಯೊರ್ದನ್ ಕಣಿವೆಯ ತೆಲ್ ರೆಹೋವ್ ಎಂಬ ದಿಬ್ಬದಲ್ಲಿ ಹೀಬ್ರೂ ವಿಶ್ವವಿದ್ಯಾನಿಲಯದ ಅಮಿಹಾಯ್ ಮಜಾರ್ ಅವರ ತಂಡ ಅಗೆಯುತ್ತಿತ್ತು. ಅಲ್ಲಿ ಸುಮಾರು 30 ಮಣ್ಣಿನ ಕೊಳವೆಗಳು ಸಾಲಾಗಿ, ಒಂದರ ಮೇಲೊಂದು ಪೇರಿಸಿದ ಸ್ಥಿತಿಯಲ್ಲಿ ಸಿಕ್ಕಿದವು. ಒಂದೊಂದೂ ಸುಮಾರು 80 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಡ್ಡಳತೆ. ಒಂದು ತುದಿಯಲ್ಲಿ ಹುಳು ಓಡಾಡುವಷ್ಟು ಸಣ್ಣ ತೂತು, ಇನ್ನೊಂದು ತುದಿಯಲ್ಲಿ ತೆಗೆದು ಹಾಕುವ ಮಣ್ಣಿನ ಮುಚ್ಚಳ. ಜೇನುಗೂಡುಗಳು! ಕ್ರಿಸ್ತಪೂರ್ವ ಹತ್ತು ಒಂಬತ್ತನೆಯ ಶತಮಾನದವು. 2007ರಲ್ಲಿ ಸುದ್ದಿ ಹೊರಬಿತ್ತು. ಆ ಜೇನಂಗಳದಲ್ಲಿ ಒಟ್ಟು ನೂರರಷ್ಟು ಗೂಡುಗಳಿದ್ದು ವರ್ಷಕ್ಕೆ ಅರ್ಧ ಟನ್ ತುಪ್ಪ ಬರುತ್ತಿದ್ದಿರಬೇಕೆಂದು ಅಗೆದವರು ಅಂದಾಜು ಮಾಡಿದರು.

ಆ ಗೂಡುಗಳು ಒಲೆಯಲ್ಲಿ ಸುಟ್ಟವಲ್ಲ. ಹುಲ್ಲು ಬೆರೆಸಿದ ಹಸಿಮಣ್ಣಿನವು. ಮಳೆಗೆ ಕರಗಿ ಎಂದೋ ನೆಲ ಸೇರಬೇಕಿತ್ತು. ಊರಿಗೆ ಬಿದ್ದ ಬೆಂಕಿ ಅವನ್ನು ಬೇಯಿಸಿ ಗಟ್ಟಿ ಮಾಡಿತು. ಒಳಗೆ ಸಿಕ್ಕಿಬಿದ್ದು ಕರಿಕಾದ ಹುಳುಗಳ ತುಣುಕುಗಳನ್ನು ಪರೀಕ್ಷಿಸಿ 2010ರಲ್ಲಿ ಇನ್ನೊಂದು ಸೋಜಿಗವನ್ನು ಪ್ರಕಟಿಸಿದರು. ಅವು ಆ ನಾಡಿನ ಹುಳುಗಳಂತಿಲ್ಲ, ಇಂದಿನ ಟರ್ಕಿಯ ಅನಟೋಲಿಯ ತಳಿಯನ್ನು ಹೋಲುತ್ತವೆ! ಸ್ಥಳೀಯ ತಳಿ ಮುಂಗೋಪಿ, ಕೊಡುವ ತುಪ್ಪವೂ ಕಡಿಮೆ. ಅನಟೋಲಿಯದ್ದು ಸಾಧು, ತುಪ್ಪವೂ ಹೆಚ್ಚು. ಊರ ನಡುವೆ ಮನೆಗಳ ಮಧ್ಯೆ ನೂರು ಗೂಡು ಇಡುವವರು ಸಾಧು ಹುಳುವನ್ನೇ ದೂರದಿಂದ ತರಿಸಿಕೊಂಡರು ಎಂದರೆ ಒಪ್ಪಬಹುದಾದ ಮಾತೇ. ಯೂಫ್ರಟಿಸ್ ದಂಡೆಯ ಸುಹು ಎಂಬ ಸೀಮೆಯ ಅಧಿಪತಿಯೊಬ್ಬ ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಶಾಸನ ಬರೆಸಿ, ಬೆಟ್ಟದ ಜನರ ಕಡೆಯಿಂದ ತನ್ನ ನಾಡಿಗೆ ಜೇನುಹುಳು ತಂದವನು ತಾನೇ ಎಂದು ಬೀಗಿಕೊಂಡಿದ್ದಾನೆ. ಒಂದು ಹುಳುವನ್ನು ತಂದು ನೆಲೆಗೊಳಿಸುವುದು ಆ ಕಾಲಕ್ಕೆ ಕಲ್ಲಿನಲ್ಲಿ ಕೊರೆಸಬೇಕಾದಷ್ಟು ದೊಡ್ಡ ಸಾಹಸ.

ಹಾಗಾದರೆ ದೆವಾಶ್ ಎಂದರೆ ಹುಳುವಿನದೋ ಹಣ್ಣಿನದೋ? ಮೊದಲನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಯೆರಿಕೋ ಸೀಮೆಯನ್ನು ವರ್ಣಿಸುತ್ತ, ಅಲ್ಲಿಯ ಖರ್ಜೂರವನ್ನು ತುಳಿದು ಹಿಂಡಿದರೆ ಜೇನಿಗಿಂತ ಹೆಚ್ಚೇನೂ ಕಡಿಮೆಯಿಲ್ಲದ ಪಾಕ ಬರುತ್ತದೆ, ಹುಳುಗಳೂ ಅಲ್ಲಿ ಹೇರಳ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದಾನೆ. ಎರಡೂ ಇದ್ದ ಊರಿನಲ್ಲಿ ಎರಡಕ್ಕೂ ಒಂದೇ ಹೆಸರಿತ್ತು. ತೂರ್ ಪಟ್ಟಣದ ಸಂತೆಗೆ ಕಳಿಸಿದ ದೆವಾಶ್, ಮುದುಕ ಯಾಕೋಬ ಐಗುಪ್ತದ ಅಧಿಕಾರಿಗೆಂದು ಮಕ್ಕಳ ಕೈಯಲ್ಲಿ ಕೊಟ್ಟ ಒಂದಿಷ್ಟು ದೆವಾಶ್, ಯಜ್ಞವೇದಿಯಲ್ಲಿ ಸುಡಕೂಡದೆಂದು ಯಾಜಕಕಾಂಡ ತಡೆದ ದೆವಾಶ್, ಇವೆಲ್ಲ ಯಾವುದರವೆಂದು ಮೂಲ ಹೇಳುವುದಿಲ್ಲ. ಕೇಳಿದವರಿಗೆ ಅದರ ಅಗತ್ಯವೂ ಕಂಡಿರಲಿಲ್ಲ. ಹಳೆಯ ಮಾತುಗಳು ಎಷ್ಟೋ ಸಲ ಹೀಗೆಯೇ. ನಾಲಗೆಗೂ ಬೆರಳಿಗೂ ಏನು ತಗುಲಿತೋ ಅದಕ್ಕೆ ಹೆಸರಿಡುತ್ತವೆ. ಅದರ ಕುಲಗೋತ್ರದ ವಿಚಾರಣೆ ಆಮೇಲಿನದು.

ಇದು ನಮಗೆ ಹೊಸದೇನಲ್ಲ. ನಮ್ಮ ‘ಜೇನುತುಪ್ಪ’ವನ್ನೇ ಬಿಡಿಸಿ ನೋಡಿ. ತುಪ್ಪ ಎಂದರೆ ಬೆಣ್ಣೆ ಕಾಯಿಸಿದ್ದು. ಗೂಡಿನಿಂದ ಹಿಂಡಿದ್ದೂ ಹಾಗೆಯೇ ಹೊಳೆಯುತ್ತ, ಮಂದವಾಗಿ ಇಳಿಯುತ್ತದೆಂದು ಅದನ್ನು ಜೇನಿನ ತುಪ್ಪ ಎಂದೆವು. ‘ಎಣ್ಣೆ’ಯ ಕತೆ ಇನ್ನೂ ಚೆಂದ. ಎಳ್ ಮತ್ತು ನೆಯ್ ಸೇರಿ ಎಣ್ಣೆ, ಅಂದರೆ ಎಳ್ಳಿನ ನೆಯ್. ಹುಟ್ಟಿನಿಂದ ಅದು ಎಳ್ಳಿನದು ಮಾತ್ರ. ಬರಬರುತ್ತ ಎಳ್ಳು ಕಳಚಿಹೋಗಿ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕಡೆಗೆ ಸೀಮೆಎಣ್ಣೆಯೂ ಆಯಿತು. ಈಗಿನ ಹುಡುಗರ ಬಾಯಲ್ಲಿ ‘ಎಣ್ಣೆ ಬಿಟ್ಟಿದ್ದೇನೆ’ ಎಂದರೆ ಒಗ್ಗರಣೆ ಬಿಟ್ಟಿದ್ದಾನೆಂದು ಯಾರೂ ತಿಳಿಯುವುದಿಲ್ಲ!

ಈ ಎಣ್ಣೆಯೇ ಬೈಬಲಿನೊಳಕ್ಕೂ ಹೋಗಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು, 1831ರ ಸುಮಾರಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಕನ್ನಡ ಬೈಬಲಿನಲ್ಲಿ ಆಲಿವ್ ಮರಕ್ಕೆ ಬಳಕೆಯಾದ ಹೆಸರು ‘ಎಣ್ಣೇಮರ’. ಎಳ್ಳಿನಿಂದ ಹುಟ್ಟಿದ ಮಾತು ಯೆರೂಸಲೇಮಿನ ಗುಡ್ಡದ ಮರವನ್ನೇರಿತು. ದೆವಾಶಿಗೆ ಬಂದಾಗ ಕನ್ನಡದ ಅನುವಾದ ‘ಜೇನು’ ಎಂದಿತು. ಬಳ್ಳಾರಿಯ ನನ್ನ ಗೆಳೆಯನ ಹಾಗೆ, ಹೊಂಬಣ್ಣದ ಸಿಹಿಪಾಕ ಕಂಡರೆ ಅದು ಜೇನೇ ಇರಬೇಕು! ಇದನ್ನು ತಪ್ಪೆನ್ನಲಾರೆ. ಜೋನಿ ಎಂದಿದ್ದರೆ ಘಟ್ಟದ ಒಂದು ಮೂಲೆಯವರಿಗಷ್ಟೇ ಅರ್ಥವಾಗುತ್ತಿತ್ತು. ಹಾಲಿನ ಪಕ್ಕಕ್ಕೆ ಜೇನಿನಷ್ಟು ಒಪ್ಪುವ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಆದರೆ ಆ ಆಯ್ಕೆಯಿಂದ ದೆವಾಶ್ ಬಂದ ಕಡೆಯಲ್ಲೆಲ್ಲ ಹುಳುವೊಂದು ಒಳಹೊಕ್ಕಿತು, ಖರ್ಜೂರ ಹೊರಗುಳಿಯಿತು. ಅಷ್ಟನ್ನು ಓದುವವರು ನೆನಪಿಟ್ಟರೆ ಸಾಕು.

ಹಣ್ಣು ಎಂದರೆ ಖರ್ಜೂರ ಒಂದೇ ಎನ್ನುವಂತೆಯೂ ಇಲ್ಲ. ತಾಲ್ಮೂದಿನಲ್ಲಿ ರಾಮಿ ಬರ್ ಯೆಹೆಜ್ಕೇಲ್ ಎಂಬ ಪಂಡಿತನ ಪ್ರಸಂಗವಿದೆ. ಅವನು ಬ್ನೆಯಿ ಬ್ರಾಕ್ ಊರಿಗೆ ಹೋದಾಗ ಅಂಜೂರದ ಮರಗಳ ಕೆಳಗೆ ಆಡುಗಳು ಮೇಯುತ್ತಿದ್ದವು. ಮೇಲೆ ಕಳಿತ ಅಂಜೂರದಿಂದ ದೆವಾಶ್ ತೊಟ್ಟಿಕ್ಕುತ್ತಿತ್ತು. ಕೆಳಗೆ ಆಡುಗಳ ತುಂಬಿದ ಕೆಚ್ಚಲಿನಿಂದ ಹಾಲು ಸೋರುತ್ತಿತ್ತು. ಎರಡೂ ನೆಲದ ಮೇಲೆ ಒಂದರೊಳಗೊಂದು ಬೆರೆಯುತ್ತಿದ್ದವು. ಹಾಲೂ ಜೇನೂ ಒಸರುವ ನಾಡೆಂದರೆ ಇದೇ ಎಂದ ಅವನು. ಅಲ್ಲಿ ಒಂದು ಹುಳುವೂ ಇರಲಿಲ್ಲ.

ಕಾಲ ಕಳೆದ ಹಾಗೆ ಮಾತು ಒಂದು ಕಡೆಗೆ ವಾಲಿತು. ಸುಮಾರು ಕ್ರಿಸ್ತಶಕ 200ರ ಹೊತ್ತಿಗೆ ಸಂಕಲನಗೊಂಡ ಮಿಶ್ನಾ ಎಂಬ ಯಹೂದಿ ಧರ್ಮಸಂಹಿತೆಯಲ್ಲಿ ‘ಹುಳುವಿನ ದೆವಾಶ್’, ‘ಖರ್ಜೂರದ ದೆವಾಶ್’ ಎಂದು ಬಿಡಿಸಿ ಹೇಳಿದ್ದಾರೆ. ಇಂದಿನ ಹೀಬ್ರೂವಿನಲ್ಲಿ ದೆವಾಶ್ ಎಂದರೆ ಹುಳುವಿನದೇ. ಹೊಸವರ್ಷದ ರಾತ್ರಿ ಸೇಬಿನ ಹೋಳನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಖರ್ಜೂರದ್ದನ್ನು ಅಂಗಡಿಯಲ್ಲಿ ಸಿಲಾನ್ ಎಂದು ಕೇಳಬೇಕು. ನಮ್ಮ ಎಣ್ಣೆ ಹಿಗ್ಗಿತು, ಅವರ ದೆವಾಶ್ ಕುಗ್ಗಿತು.

ಮಿಶ್ನಾದಲ್ಲಿ ಹರಕೆಗಳ ಒಂದು ಭಾಗವಿದೆ. ಏನನ್ನಾದರೂ ತಿನ್ನುವುದಿಲ್ಲವೆಂದು ಶಪಥ ಮಾಡಿದವನು ಏನೇನು ಬಿಡಬೇಕು ಎಂಬ ಚರ್ಚೆ ಅಲ್ಲಿ ನಡೆಯುತ್ತದೆ. ಎಣ್ಣೆ ಬಿಟ್ಟವನು ಎಳ್ಳೆಣ್ಣೆ ತಿನ್ನಬಹುದು, ಯಾಕೆಂದರೆ ಆ ನಾಡಿನಲ್ಲಿ ಬರಿಯ ಎಣ್ಣೆ ಎಂದರೆ ಆಲಿವ್. ಅದೇ ಬಾಬಿಲೋನಿನಲ್ಲಿ ಶಪಥ ಮಾಡಿದರೆ ಎಳ್ಳೆಣ್ಣೆ ನಿಷಿದ್ಧ, ಆಲಿವ್ ಎಣ್ಣೆಗೆ ಅಡ್ಡಿಯಿಲ್ಲ ಎಂದು ತಾಲ್ಮೂದ್ ಮುಂದುವರಿಸುತ್ತದೆ, ಅಲ್ಲಿಯವರಿಗೆ ಎಣ್ಣೆ ಎಂದರೆ ಎಳ್ಳೆಣ್ಣೆಯೇ. ಶಪಥ ಒಂದೇ, ಊರು ಬೇರೆಯಾದರೆ ಬಾಣಲೆಯೂ ಬೇರೆ. ಮಾತಿನ ಅರ್ಥವನ್ನು ಆ ಪಂಡಿತರು ಧಾತುಪಾಠದಲ್ಲಿ ಹುಡುಕಲಿಲ್ಲ, ಆಡಿದವನ ಊರಿನಲ್ಲಿ ಹುಡುಕಿದರು. ಮಿಶ್ನಾದ ಅದೇ ಸಾಲಿನಲ್ಲಿ ಇನ್ನೊಂದು ವಿಧಿ: ದೆವಾಶ್ ಬಿಟ್ಟವನಿಗೆ ಖರ್ಜೂರದ ದೆವಾಶ್ ತಿನ್ನಲು ಅಡ್ಡಿಯಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಅಜ್ಜಿ ನೆನಪಾದಳು. ಕಾಶಿಗೆ ಹೋದವರು ತಮಗೆ ಇಷ್ಟವಾದ ತಿನಿಸೊಂದನ್ನು ಅಲ್ಲಿ ಬಿಟ್ಟು ಬರುವ ರೂಢಿ ನಿಮಗೆ ಗೊತ್ತೇ ಇದೆ. ಅಜ್ಜಿ ಕಾಶಿಯಲ್ಲಿ ಬಿಟ್ಟು ಬಂದದ್ದು ಜೇನುತುಪ್ಪವನ್ನು. ಬಂದ ಮರುದಿನವೇ ತೆಳ್ಳೇವಿಗೆ ಜೋನಿ ಸುರಿದುಕೊಂಡು ಕೂತವಳನ್ನು ನೋಡಿ ನಾವು ಮಕ್ಕಳು ಬಿಡಲಿಲ್ಲ. “ಎರಡೂ ಸಿಹಿ, ಎರಡೂ ಅಂಟು, ನೋಡೋದಕ್ಕೂ ಒಂದೇ. ಇದೇನು ಬಿಟ್ಟ ಹಾಗಾಯ್ತು ಅಜ್ಜಿ?” ಎಂದು ರೇಗಿಸಿದೆವು. ಅಜ್ಜಿ ಎಲೆಯಿಂದ ತಲೆ ಎತ್ತಲೂ ಇಲ್ಲ.

“ಗಂಗೆಯೊಳಗೆ ನಿಂತು ನಾನು ಹೇಳಿದ್ದು ಜೇನು ಅಂತ. ಜೋನಿ ಅಂತ ಅಲ್ಲ.”

ಮಿಶ್ನಾದ ಪಂಡಿತರು ಆ ಜಗಲಿಯಲ್ಲಿ ಇದ್ದಿದ್ದರೆ ತೀರ್ಪು ಅಜ್ಜಿಯ ಕಡೆಗೇ ಆಗುತ್ತಿತ್ತು. ಅವರೂ ಒಂದೊಂದು ತೆಳ್ಳೇವು ಹಾಕಿಸಿಕೊಂಡು ಏಳುತ್ತಿದ್ದರೇನೋ.